ಬುರುಲ್ ಕಟ್ಟಿದ ಇಂಜಿನ್

ಬುರುಲಳ ಬಾಯಿ ಜೋರು ಎಂಬುದು ನಮ್ಮ ಕಣಿವೆಯಲ್ಲಿ ಹೊಸದಾಗಿ ಹೇಳಬೇಕಾದ ಸಂಗತಿಯೇನಲ್ಲ. ಅವಳು ಮಾತಿನಲ್ಲಿ ಸೋತದ್ದನ್ನು ಕಂಡವರಿರಲಿಲ್ಲ. ಮದುವೆಯ ದಿಬ್ಬಣ ಬಂದು ನಿಂತರೆ ಹೆಂಗಸರೆಲ್ಲ ಮದುಮಗಳ ಮುಖ ನೋಡಲು ನುಗ್ಗುತ್ತಾರೆ, ಇವಳು ಕಾರಿನ ಬಾನೆಟ್ಟಿಗೆ ಕಿವಿಕೊಟ್ಟು, "ಯಾರ್ರೀ ಇದರ ಯಜಮಾನ್ರು? ಒಂದು ನಾಜಲ್ ಸರಿಯಾಗಿಲ್ಲ, ವಾಪಸ್ ಹೋಗ್ತಾ ಮದುಮಗನೇ ಇಳಿದು ತಳ್ಬೇಕಾಗುತ್ತೆ!" ಎಂದು ಕೂಗುತ್ತಾಳೆ. ಒಮ್ಮೆ ಮೌಲ್ವಿಗಳು ಪ್ರಾರ್ಥನೆ ಮುಗಿಸಿ ಅಂಗೈಯನ್ನು ಮುಖಕ್ಕೆ ಸವರಿಕೊಳ್ಳುವ ಮೊದಲೇ, ಹಿತ್ತಿಲಲ್ಲಿ ಓಡುತ್ತಿದ್ದ ಅವರ ಜನರೇಟರಿನ ಬಗ್ಗೆ ತಕರಾರು ತೆಗೆದಿದ್ದಳು. ಮೌಲ್ವಿಗಳು ಬೇಸರಪಟ್ಟುಕೊಂಡರು. ಆದರೆ ಮರುದಿನ ಜನರೇಟರನ್ನು ಕತ್ತೆಗಾಡಿಯಲ್ಲಿ ಹೇರಿಸಿ ಅವಳ ಮನೆಗೇ ಕಳಿಸಿದರು.

ಅವಳ ಅಪ್ಪ ಸಾಮೂಹಿಕ ಬೇಸಾಯದ ಕಾಲದಲ್ಲಿ ಟ್ರಾಕ್ಟರ್ ರಿಪೇರಿ ಮಾಡುತ್ತಿದ್ದವನು. ಇಂಜಿನ್ನಿನ ಸಂದಿಯೊಳಗೆ ಬಿದ್ದ ನಟ್ಟು ತೆಗೆಯಲು ಸಣ್ಣ ಕೈ ಬೇಕಾದಾಗಲೆಲ್ಲ ಮಗಳನ್ನು ಕರೆಯುತ್ತಿದ್ದ. ಆ ಕೈ ದೊಡ್ಡದಾಯಿತು, ಇಂಜಿನ್ ಬಿಟ್ಟು ಹೊರಗೆ ಮಾತ್ರ ಬರಲಿಲ್ಲ. ಅಪ್ಪ ಹೋದ, ಸಾಮೂಹಿಕ ಹೊಲಗಳೂ ಹೋದವು, ಬುರುಲ್ ಮಂಬೆತನ ಗ್ಯಾರೇಜಿಗೆ ಕೆಲಸಕ್ಕೆ ಸೇರಿದಳು. ನಡುವೆ ಒಂದು ಮದುವೆಯೂ ಆಗಿತ್ತು. ಗಂಡ ದುಡಿಯಲೆಂದು ರಷ್ಯಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. "ಎರಡು ವರ್ಷ ಚೆನ್ನಾಗೇ ಓಡ್ದ, ಆಮೇಲೆ ನನ್ನ ಕೈಲಿ ಸ್ಟಾರ್ಟೇ ಆಗ್ಲಿಲ್ಲ" ಎಂದು ಅವಳೇ ನಗುತ್ತಿದ್ದಳು. ಮಕ್ಕಳೆಷ್ಟು ಎಂದು ಹೊಸಬರು ಕೇಳಿದರೆ, "ಇರೋ ಹಳೇ ಇಂಜಿನ್ನುಗಳನ್ನ ಸಾಕೋದ್ರಲ್ಲೇ ವಯಸ್ಸಾಯ್ತು" ಎಂದು ಮಾತು ತೇಲಿಸುತ್ತಿದ್ದಳು. ಕೇಳಿದವರಿಗಿಂತ ಮೊದಲು ತಾನೇ ನಕ್ಕುಬಿಡುವುದು ಅವಳ ಕ್ರಮ.

ಮಂಬೆತ್ ಕೆಟ್ಟವನಲ್ಲ, ಆದರೆ ಜಂಬದವನು. ಗ್ಯಾರೇಜಿನಲ್ಲಿ ಕೈ ಕಪ್ಪಾಗುತ್ತಿದ್ದುದು ಬುರುಲಳದು, ಹೆಸರಾಗುತ್ತಿದ್ದುದು ಅವನದು. ಒಂದು ದಿನ ಗಿರಾಕಿಗಳ ಮುಂದೆಯೇ ಅವನು, "ಹೆಂಗಸು ಬಿಗಿದ ಬೋಲ್ಟು ಚಹಾ ಆರೋದ್ರೊಳಗೆ ಸಡಿಲ ಆಗುತ್ತೆ" ಎಂದುಬಿಟ್ಟ.

"ನಿಜ ಅಣ್ಣ," ಎಂದಳು ಬುರುಲ್. "ಇಷ್ಟು ವರ್ಷ ನೀನು ಚಹಾ ಕುಡೀತಾ ಕೂತಿದ್ದಾಗ ಬಿಗಿದಿದ್ದೆಲ್ಲ ನಾನೇ. ನಾಳೆಯಿಂದ ನೀನೇ ಬಿಗಿ, ನಾನು ಹೋಗಿ ಚಹಾ ಕುಡೀತೀನಿ."

ಹಾಗೆ ಹೇಳಿ ಬಂದವಳು ತನ್ನ ಅಂಗಳದಲ್ಲೇ ತಗಡಿನ ಶೆಡ್ಡು ಹಾಕಿದಳು. ಶೆಡ್ಡೇನೋ ಆಯಿತು, ಗಾಡಿಗಳು ಬರಬೇಕಲ್ಲ? ಪಂಕ್ಚರ್, ಬೆಲ್ಟು, ಬ್ಯಾಟರಿ, ಇಷ್ಟಕ್ಕೆ ಜನ ಬರುತ್ತಿದ್ದರು. ಇಂಜಿನ್ ಬಿಚ್ಚುವ ಕೆಲಸ ಎಂದರೆ ಮಂಬೆತನ ಕಡೆಗೇ ಹೋಗುತ್ತಿದ್ದರು. ಕೊನೆಗೆ ಒಂದು ಇಂಜಿನ್ ಸಿಕ್ಕಿತು. ಅದು ಕುರಿ ಸಾಕುವ ಶಾರ್ಶೆನನ ಹಳೆಯ ಲಾರಿಯದು. ಮಂಬೆತ್ ಅದನ್ನು ಗುಜರಿಗೆ ಹಾಕು ಎಂದಿದ್ದ. ಎರಡು ಬೇಸಿಗೆ ಮೇಲಿನ ಹುಲ್ಲುಗಾವಲಿಗೆ ಸಂಸಾರ ಸಾಗಿಸಲು ಬೇರೆಯವರ ಲಾರಿಗೆ ಕೈಯೊಡ್ಡಿ ಸಾಕಾಗಿದ್ದ ಶಾರ್ಶೆನ್, ಹೋಗುವುದಾದರೆ ಹೋಗಲಿ ಎಂದು ಬುರುಲಳಿಗೆ ಕೊಟ್ಟ. ಚಳಿಗಾಲ ಪೂರ್ತಿ ಅವಳು ಅದರ ಒಂದೊಂದು ಭಾಗವನ್ನೂ ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ, ಮತ್ತೆ ಕಟ್ಟಿದಳು. ಹೊರಗೆ ಹಿಮ ಸುರಿಯುತ್ತಿದ್ದಾಗ ಪಿಸ್ಟನ್ನುಗಳನ್ನು ಒಳಮನೆಗೆ ತಂದು ಒಲೆಯ ಪಕ್ಕ ಕಂಬಳಿಯ ಮೇಲೆ ಸಾಲಾಗಿ ಮಲಗಿಸುತ್ತಿದ್ದಳು. ಅವಳ ಹೆಸರಿನಲ್ಲಿ ಅವಳೇ ಪೂರ್ತಿಯಾಗಿ ಕಟ್ಟಿದ ಮೊದಲ ಇಂಜಿನ್ ಅದು. ಈ ಬೇಸಿಗೆಯಲ್ಲಿ ಆ ಲಾರಿ ಕಣಿವೆಯ ದೊಡ್ಡ ಏರು ಹತ್ತಿ ಮೇಲಿನ ಹುಲ್ಲುಗಾವಲು ಮುಟ್ಟಿದರೆ ಊರಿನ ಗಾಡಿಗಳು ಅವಳ ಅಂಗಳಕ್ಕೆ ಬರುತ್ತವೆ. ನಡುವೆ ಕೈಕೊಟ್ಟರೆ ಅವಳು ಶೆಡ್ಡಿಗೆ ಬೀಗ ಹಾಕಿ, ಮಂಬೆತನ ಬಾಗಿಲಲ್ಲಿ ನಿಂತು ಹಳೆಯ ಕೆಲಸ ಕೇಳಬೇಕು. ಇದು ಅವಳಿಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು.

ಬೇಸಿಗೆ ಕಳೆಯಲು ಮಂದೆಯ ಜೊತೆ ಮೇಲಕ್ಕೆ ಹೊರಡುವ ದಿನ ಗುರುವಾರ ಬಿತ್ತು. ನಸುಕಿನಲ್ಲಿ ಲಾರಿಗೆ ಗುಡಾರದ ಗಳುಗಳು, ಮೂರು ಮಡಿಕೆಯ ಕಂಬಳಿಗಳು, ಪೆಟ್ಟಿಗೆಗಳು, ಪಾತ್ರೆಗಳು, ಎರಡು ಕುಂಟು ಕುರಿಗಳು, ಎಲ್ಲ ಏರಿದವು. ಮಂದೆಯನ್ನು ಕುದುರೆಯವರು ಹಿಂದಿನ ದಿನವೇ ಹೊಡೆದುಕೊಂಡು ಹೋಗಿದ್ದರು. ಉಳಿದದ್ದು ಶಾರ್ಶೆನ್, ಅವನ ಹೆಂಡತಿ ಜಿಪಾರ್, ಮತ್ತೆ ತಾಯಿ, ಊರಿಗೆಲ್ಲ ಅಪಾ, ಅಂದರೆ ಅಮ್ಮ, ಆಗಿದ್ದ ಕಲಿಪಾ ಅಪಾ. ಎಂಬತ್ತು ದಾಟಿದ ಅಪಾಳನ್ನು ಈ ಸಲ ಊರಲ್ಲೇ ಬಿಡಬೇಕೆಂದು ಮಗ ಸೊಸೆ ವಾರದಿಂದ ಮಾತಾಡಿಕೊಳ್ಳುತ್ತಿದ್ದರು. ಚಹಾಕ್ಕೆ ಎರಡೆರಡು ಸಲ ಉಪ್ಪು ಹಾಕುತ್ತಾಳೆ, ಕರುವನ್ನು ಬಿಚ್ಚಿದ್ದು ಮರೆಯುತ್ತಾಳೆ, ಮೇಲೆ ಹೋಗಿ ದಾರಿ ತಪ್ಪಿದರೆ ಎಲ್ಲಿ ಹುಡುಕುವುದು ಎಂಬುದು ಅವರ ಚಿಂತೆ. ಅಪಾ ಜಗಳವಾಡಲಿಲ್ಲ. ಎಲ್ಲರಿಗಿಂತ ಮೊದಲು ಬಂದು ಲಾರಿಯ ಮುಂದಿನ ಸೀಟಿನಲ್ಲಿ ಕೂತಳು, ಏಳಲಿಲ್ಲ, ಅಷ್ಟೆ. ಮೊದಲ ಏರಿನಲ್ಲಿ ಇಂಜಿನ್ನಿನ ಸದ್ದು ಹೇಗಿರುತ್ತದೋ ಕೇಳಲೇಬೇಕೆಂದು ಬುರುಲ್ ಕೂಡ ಹತ್ತಿ ಅವಳ ಪಕ್ಕದಲ್ಲಿ ಕೂತಳು.

ದಾರಿಯುದ್ದಕ್ಕೂ ಅವಳ ಕಿವಿಯೇ ಅವಳ ಜೀವವಾಗಿತ್ತು. ಇಂಜಿನ್ ಹಾಡಿಕೊಂಡು ಓಡುತ್ತಿತ್ತು. ಏರು ಶುರುವಾಗುವ ಕಡೆ ಚೆತ್ ಎಂಬ ಕೇರಿಯಿದೆ. ಮೇಲಕ್ಕೆ ಹೋಗುವವರನ್ನು ಬರಿಬಾಯಲ್ಲಿ ಕಳಿಸುವುದು ನಮ್ಮಲ್ಲಿ ಎಲ್ಲೂ ಇಲ್ಲ. ಕೇರಿಯವರು ಮಜ್ಜಿಗೆಯ ಬಟ್ಟಲು, ಹುದುಗಿದ ಕುದುರೆಹಾಲು, ಬಿಸಿ ರೊಟ್ಟಿ ಹಿಡಿದು ರಸ್ತೆಗೇ ಬಂದು ನಿಂತಿದ್ದರು. ಮಂಬೆತನೂ ತನ್ನ ಲಾರಿ ನಿಲ್ಲಿಸಿಕೊಂಡು ಅಲ್ಲಿದ್ದ. ತಂಗಿಯ ಮನೆಗೆ ಬಂದಿದ್ದೇನೆ ಎಂದ. ಬುರುಲಳ ಇಂಜಿನ್ ಕೈಕೊಡುವುದನ್ನು ನೋಡಲು ಬಂದಿದ್ದ ಎಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

"ಇಲ್ಲೀವರೆಗೂ ಬಂತಾ!" ಎಂದ ಅವನು. "ಇಳಿಜಾರಿನಲ್ಲಿ ತಳ್ಕೊಂಡು ಬಂದ್ರೇನೋ?"

"ಇದು ಏರು ಅಣ್ಣ, ಇಳಿಜಾರಲ್ಲ. ಕಣ್ಣಿಗೆ ಪೊರೆ ಬಂದಿದ್ಯಾ ನೋಡಿಸ್ಕೊ," ಎಂದು ಬುರುಲ್ ಬಟ್ಟಲು ಎತ್ತಿದಳು.

ಲಾರಿಯನ್ನು ಚಾಲೂ ಇಟ್ಟೇ, ಅಪಾ ಒಬ್ಬಳನ್ನು ಬಿಟ್ಟು, ಎಲ್ಲರೂ ಇಳಿದು ಕುಡಿಯುತ್ತಿದ್ದರು. ಆಗ ಗಾಳಿಯಲ್ಲಿ ಒಂದು ವಾಸನೆ ಎದ್ದಿತು. ಬೋರ್ಸೋಕ್ ಕರಿಯುವಾಗ, ಹಿಟ್ಟಿನ ತುಂಡುಗಳು ಬಾಣಲೆಯಲ್ಲಿ ಉಬ್ಬುವಾಗ ಬರುವ ವಾಸನೆ. ಗುರುವಾರ ನಮ್ಮಲ್ಲಿ ಸತ್ತವರ ನೆನಪಿಗೆ ಎಣ್ಣೆ ಕಾಯಿಸಿ ಬೋರ್ಸೋಕ್ ಕರಿಯುತ್ತಾರೆ. ಹಿರಿಯರಿಗೆ ಮುಟ್ಟುವುದು ಆ ವಾಸನೆಯೇ ಅಂತೆ. ಹಾಗಾಗಿ ಮುದುಕರೆಲ್ಲ ಕೂಡಲೇ ಬಟ್ಟಲು ಕೆಳಗಿಟ್ಟು ಅಂಗೈ ಬಿಡಿಸಿ ಪ್ರಾರ್ಥನೆಗೆ ತುಟಿ ಅಲ್ಲಾಡಿಸಿದರು.

"ಯಾರ ಮನೇದಪ್ಪ?" ಎಂದಳು ಒಬ್ಬಳು ಅಜ್ಜಿ. "ಒಳ್ಳೇ ಕೈ. ಘಮಘಮ ಅಂತಿದೆ."

ಅವಳ ಮಾತು ಮುಗಿಯುವುದರೊಳಗೆ ಇಂಜಿನ್ ಕೂಗಿತು. ಯಾರೂ ಆಕ್ಸಿಲರೇಟರ್ ಮುಟ್ಟಿರಲಿಲ್ಲ. ಸದ್ದು ಏರುತ್ತ ಏರುತ್ತ ಕಿರುಚಾಟವಾಯಿತು. ಹಿಂದಿನಿಂದ ಬಿಳಿ ನೀಲಿ ಹೊಗೆ ದಪ್ಪಕ್ಕೆ ಎದ್ದು ಕೇರಿಯನ್ನೇ ಮುಚ್ಚಿತು. ಶಾರ್ಶೆನ್ ಓಡಿ ಹತ್ತಿ ಕೀಲಿ ತಿರುಗಿಸಿದ, ಡೀಸೆಲ್ ಕಡಿಯುವ ಸ್ಟಾಪ್ ವೈರ್ ಎಳೆದ. ವೈರ್ ಕೊನೆಯವರೆಗೂ ಬಂತು, ಇಂಜಿನ್ ಮಾತ್ರ ನಿಲ್ಲಲಿಲ್ಲ.

"ಅಕ್ಕಾ! ಡೀಸೆಲ್ ನಿಲ್ಸಿದೀನಿ, ಆದ್ರೂ ಓಡ್ತಾ ಇದೆ!"

"ಗೇರ್ ಹಾಕಿ ಕ್ಲಚ್ ಬಿಡೋ!" ಎಂದು ಮಂಬೆತ್ ಕೂಗಿದ.

"ಮುಂದೆ ಜನ ಇದ್ದಾರೆ, ಯಾರ ಮೇಲೆ ಬಿಡ್ಲಿ!"

ಡೀಸೆಲ್ ಇಂಜಿನ್ ಹೀಗೆ ಹುಚ್ಚೆದ್ದರೆ ಎಲ್ಲಿಂದಲೋ ಬೇರೆ ಎಣ್ಣೆ ಸಿಕ್ಕಿದೆ ಎಂದರ್ಥ. ಅದು ಮುಗಿಯಬೇಕು, ಇಲ್ಲವೇ ಇಂಜಿನ್ ಒಡೆದು ಚೂರಾಗಬೇಕು. ಒಂದೇ ಒಂದು ಉಪಾಯ ಇದೆ, ಉಸಿರು ಕಟ್ಟಿಸುವುದು. ಬುರುಲ್ ಆಗಲೇ ಓಡಿದ್ದಳು. ಲಾರಿಯ ಹಿಂದೆ ಹತ್ತಿ, ಪಾತ್ರೆಗಳ ಮೇಲೆ ಕಟ್ಟಿದ್ದ ಹಿಟ್ಟು ನಾದುವ ದೊಡ್ಡ ಹಲಗೆಯನ್ನು ಕಿತ್ತುಕೊಂಡಳು.

"ಅದು ನನ್ನ ತವರಿಂದ ಬಂದ ಹಲಗೆ!" ಎಂದು ಜಿಪಾರ್ ಚೀರಿದಳು.

"ತವರಿಗೇ ವಾಪಸ್ ಕೊಡಿಸ್ತೀನಿ, ಬಿಡೇ!"

ಒದ್ದೆ ಮಾಡಿದ ಕಂಬಳಿಯ ತುಂಡನ್ನು ಹಲಗೆಗೆ ಒತ್ತಿ, ಇಂಜಿನ್ ಗಾಳಿ ಎಳೆಯುವ ಕೊಳವೆಯ ಬಾಯಿಗೆ ಹಿಡಿದಳು. ಹಲಗೆ ಅವಳ ಕೈಯಿಂದ ಕಿತ್ತುಕೊಂಡಂತೆ ಹೋಗಿ ಬಾಯಿಗೆ ಕಚ್ಚಿತು. ಇಂಜಿನ್ ಎರಡು ಸಲ ಬಿಕ್ಕಿತು, ಇಡೀ ಲಾರಿ ನಡುಗಿತು, ಆಮೇಲೆ ಸದ್ದಡಗಿತು. ಕುಂಟು ಕುರಿಗಳು ಕೂಗುವುದು ಈಗ ಕೇಳಿಸಿತು.

ಹೊಗೆ ತಿಳಿಯಾಗುವ ಮೊದಲೇ ಮಂಬೆತ್ ತೀರ್ಪು ಕೊಟ್ಟ. "ನಾನು ಅವತ್ತೇ ಹೇಳಿದ್ದೆ. ಪಿಸ್ಟನ್ ರಿಂಗ್ ಕೂರ್ಸೋಕೆ ಬರ್ಲಿಲ್ಲ ಇವಳಿಗೆ. ಕೆಳಗಿನ ಆಯಿಲ್ ಮೇಲಕ್ಕೆ ಹತ್ತಿದೆ, ಅದನ್ನೇ ಕುಡ್ಕೊಂಡು ಓಡಿದೆ. ಇನ್ನು ಇದನ್ನ ಗುಜರಿಯೋನೂ ಮುಟ್ಟಲ್ಲ."

ಬುರುಲ್ ಆಯಿಲ್ ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ತೆಗೆದು ಅವನ ಮೂಗಿನ ಮುಂದೆ ಹಿಡಿದಳು. "ನೋಡು ಅಣ್ಣ. ಬೆಳಿಗ್ಗೆ ಎಲ್ಲಿತ್ತೋ ಅಲ್ಲೇ ಇದೆ. ಅಷ್ಟು ಕುಡಿದಿದ್ರೆ ಒಂದು ಗೆರೆ ಆದ್ರೂ ಇಳೀಬೇಕಿತ್ತಲ್ಲ?"

"ಹಾಗಾದ್ರೆ ಡೀಸೆಲ್ ಪಂಪ್ ಸಿಕ್ಕಾಕ್ಕೊಂಡಿದೆ."

ಅವಳು ಪಂಪಿನ ಸನ್ನೆಯನ್ನು ಬೆರಳಿನಿಂದ ಆಡಿಸಿದಳು. ಸಲೀಸಾಗಿ ಬಂತು, ಹೋಯಿತು. ಪೈಪು ಸಡಿಲಿಸಿ, ಇಂಜಿನ್ನನ್ನು ಕೈಯಿಂದಲೇ ತಿರುಗಿಸಿದಳು. ಸ್ಟಾಪ್ ವೈರ್ ಎಳೆದಿದ್ದರಿಂದ ಡೀಸೆಲ್ ಒಂದು ಹನಿಯೂ ಬರಲಿಲ್ಲ, ಪಂಪು ಸರಿಯಾಗೇ ಇತ್ತು. ಇಂಜಿನ್ ಎಲ್ಲೂ ತಡೆಯದೆ ತಿರುಗಿತು. ಒಳಗೆ ಏನೂ ಒಡೆದಿಲ್ಲ ಎಂದು ತಿಳಿದು ಅವಳಿಗೆ ಹೋದ ಜೀವ ಬಂದಂತಾಯಿತು.

"ಕೆಳಗಿಂದ ಬಂದಿಲ್ಲ, ಪಂಪಿಂದ ಬಂದಿಲ್ಲ," ಎಂದಳು. "ಉಳಿದಿದ್ದು ಗಾಳಿ ಬರೋ ದಾರಿ. ಆಯಿಲ್ ಸುಟ್ಟ ವಾಸನೆ ನನಗೆ ಗೊತ್ತಿಲ್ವಾ? ಇವತ್ತು ಎದ್ದಿದ್ದು ಬೋರ್ಸೋಕ್ ವಾಸನೆ."

ಈಗ ಪ್ರಾರ್ಥನೆ ಮಾಡಿದ್ದ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಂದ್ರೆ ನಾವು ಲಾರಿಗೆ ಪ್ರಾರ್ಥನೆ ಮಾಡಿದ್ವಾ?" ಎಂದು ಒಬ್ಬ ಕೇಳಿದ. "ಅದೂ ಒಂದ್ಸಲ ಸತ್ತಿತ್ತಲ್ಲ, ಸರಿಹೋಯ್ತು" ಎಂದ ಇನ್ನೊಬ್ಬ.

ಹಳೆಯ ಕಾಲದ ಲಾರಿ ಅದು. ಧೂಳು ಹಿಡಿಯಲೆಂದು ಅದರ ಏರ್ ಫಿಲ್ಟರಿನ ತಳದಲ್ಲಿ ಒಂದು ಬಟ್ಟಲು ಎಣ್ಣೆ ಇರುತ್ತದೆ. ಬುರುಲ್ ಜನರಿಗೆ ಬೆನ್ನು ಮಾಡಿ ಬಗ್ಗಿ ಆ ಬಟ್ಟಲನ್ನು ಬಿಚ್ಚಿದಳು. ಅದು ತುಳುಕುತ್ತಿತ್ತು. ಕಪ್ಪು ಎಣ್ಣೆಯ ಮೇಲೆ ಹಳದಿ ಎಣ್ಣೆ, ಅಂಚಿನಲ್ಲಿ ಇನ್ನೂ ಕರಗದ ಹರಳು ಹರಳು. ಬೆರಳಿಗೆ ಹಚ್ಚಿಕೊಂಡು ನಾಲಗೆಗೆ ಇಟ್ಟಳು. ತುಪ್ಪ!

ಅವಳಿಗೆ ನಸುಕಿನ ಚಿತ್ರ ಕಣ್ಣಿಗೆ ಕಟ್ಟಿತು. ಎಲ್ಲರೂ ಗಳುಗಳನ್ನು ಹೊರುತ್ತಿದ್ದಾಗ ಕಲಿಪಾ ಅಪಾ ಮರದ ಬಟ್ಟಲು ಹಿಡಿದು ಲಾರಿಯ ಮುಂದೆ ಒಬ್ಬಳೇ ನಿಂತಿದ್ದಳು, ತುಟಿ ಅಲ್ಲಾಡುತ್ತಿತ್ತು. ನಮ್ಮಲ್ಲಿ ಕೂಸು ಹುಟ್ಟಿದರೆ ತಾಯಿಹಾಲಿಗೂ ಮೊದಲು ಅದರ ಬಾಯಿಗೆ ತುಪ್ಪ ಮುಟ್ಟಿಸುತ್ತಾರೆ. ಒಳ್ಳೆಯ ಬಾಳು ಬಾಳಿದ ಹೆಂಗಸಿನ ಕೈಯಿಂದಲೇ ಮುಟ್ಟಿಸಬೇಕು. ಅಪಾ ಹೊಸದಾಗಿ ಹುಟ್ಟಿದ ಇಂಜಿನ್ನಿಗೆ, ಅದು ಉಸಿರೆಳೆಯುವ ಕೊಳವೆಯನ್ನೇ ಬಾಯಿ ಎಂದುಕೊಂಡು, ತುಪ್ಪ ಕೊಟ್ಟಿದ್ದಳು. ಒಂದು ಬೆರಳಲ್ಲ, ಇಂಜಿನ್ನಿನ ಗಾತ್ರಕ್ಕೆ ತಕ್ಕಂತೆ ಬಟ್ಟಲು ಪೂರ್ತಿ. ಮುಂಜಾನೆಯ ಚಳಿಗೆ ಹೆಪ್ಪುಗಟ್ಟಿ ಕೂತಿದ್ದ ತುಪ್ಪ, ಇಂಜಿನ್ ಕಾದ ಮೇಲೆ ಕರಗಿ, ಗಾಳಿಯ ಜೊತೆ ಹೊಟ್ಟೆಗೆ ಹೋಗಿತ್ತು.

ಬುರುಲ್ ತಲೆಯೆತ್ತಿದಳು. ಅಪಾ ಸೀಟಿನಲ್ಲೇ ಕೂತು ಕಿಟಕಿಯಿಂದ ಇವಳನ್ನೇ ನೋಡುತ್ತಿದ್ದಳು. ಆ ಮುಖ ಬಿಳಿಚಿಕೊಂಡಿತ್ತು.

"ಏನಂತೆ? ಏನು ಸಿಕ್ತು?" ಎಂದು ಹಿಂದಿನಿಂದ ಮಂಬೆತ್.

ಬುರುಲ್ ಒಂದೇ ಮಾತು ಹೇಳಿದ್ದರೆ ಸಾಕಿತ್ತು, ಅವಳ ಇಂಜಿನ್ ಗೆಲ್ಲುತ್ತಿತ್ತು, ಮಂಬೆತ್ ಊರ ಮುಂದೆ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಆದರೆ ಅದೇ ಮಾತಿಗೆ ಅಪಾಳನ್ನು ಇಲ್ಲಿಂದಲೇ ಊರಿಗೆ ವಾಪಸ್ ಕಳಿಸುತ್ತಾರೆ. ಮುದುಕಿಗೆ ಬುದ್ಧಿ ಕೆಟ್ಟು ಲಾರಿಗೆ ತುಪ್ಪ ಸುರಿದಳು ಎಂದು ಕಣಿವೆಯೆಲ್ಲ ನಗುತ್ತದೆ, ಇನ್ನು ಯಾವ ಬೇಸಿಗೆಯೂ ಅವಳಿಗೆ ಮೇಲಿನ ಹುಲ್ಲು ಕಾಣುವುದಿಲ್ಲ. ಇದೆಲ್ಲ ಯೋಚಿಸಲು ಬುರುಲಳಿಗೆ ಹೊತ್ತು ಹಿಡಿಯಲಿಲ್ಲ. ಬಟ್ಟಲಿನಲ್ಲಿದ್ದುದನ್ನು ರಸ್ತೆಯ ಪಕ್ಕ ಹಳ್ಳಕ್ಕೆ ಚೆಲ್ಲಿ ಎದ್ದು ನಿಂತಳು.

"ಫಿಲ್ಟರ್‌ಗೆ ಎಣ್ಣೆ ಜಾಸ್ತಿ ಹಾಕ್ಬಿಟ್ಟಿದ್ದೆ. ತಪ್ಪು ನಂದೇ."

ಯಾರಿಗೂ ನಂಬಿಕೆ ಬರಲಿಲ್ಲ. ಮಂಬೆತನಿಗಂತೂ ಕಿವಿಯೇ ಕೆಟ್ಟಿತೋ ಅನ್ನಿಸಿತು. "ಏನಂದೆ? ಇನ್ನೊಂದ್ಸಲ ಹೇಳು!"

"ಕಿವುಡಾ? ತಪ್ಪು ನಂದು ಅಂದೆ."

"ಎಲ್ರೂ ಕೇಳಿಸ್ಕೊಂಡ್ರಾ? ಬುರುಲ್ ತಪ್ಪೊಪ್ಕೊಂಡ್ಳು! ಇವತ್ತು ಕುರಿ ಕಡೀಬೇಕು!"

ಜನ ನಕ್ಕರು. ಬುರುಲ್ ಹಲ್ಲು ಕಚ್ಚಿಕೊಂಡು ಬಟ್ಟಲನ್ನು ಡೀಸೆಲ್ಲಿನಲ್ಲಿ ತೊಳೆದಳು, ಕೊಳವೆಯೊಳಗೆ ಬಟ್ಟೆ ತೂರಿಸಿ ಒರೆಸಿದಳು, ಹೊಸ ಎಣ್ಣೆಯನ್ನು ಗುರುತಿನವರೆಗೆ ಹಾಕಿದಳು. ಶಾರ್ಶೆನ್ ಅವಳ ಪಕ್ಕ ಬಂದು ಕಾಲಿನಿಂದ ಮಣ್ಣು ಕೆದರುತ್ತ ನಿಂತ.

"ಬೇಜಾರು ಮಾಡ್ಕೋಬೇಡ ಅಕ್ಕ. ಮೇಲೆ ಪ್ರಪಾತ ಇದೆ, ಹೆಂಡ್ತಿ ಇದ್ದಾಳೆ, ತಾಯಿ ಇದ್ದಾಳೆ. ನನಗೆ ಧೈರ್ಯ ಸಾಲ್ತಿಲ್ಲ. ಸಾಮಾನೆಲ್ಲ ಮಂಬೆತಣ್ಣನ ಲಾರಿಗೆ ಹಾಕ್ಕೊಳ್ತೀನಿ."

ಒಂದು ಗಳುವನ್ನು ಆಗಲೇ ಇಳಿಸಿದ್ದರು. ಆಗ ಲಾರಿಯ ಬಾಗಿಲು ತೆರೆಯಿತು. ಕಲಿಪಾ ಅಪಾ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿದು, ಬಿಳಿ ತಲೆವಸ್ತ್ರ ಸರಿಮಾಡಿಕೊಂಡು ಜನರ ನಡುವೆ ಬಂದಳು.

"ಗಳು ವಾಪಸ್ ಹಾಕ್ರೋ," ಎಂದಳು. "ಅವಳು ಸುಳ್ಳು ಹೇಳ್ತಿದ್ದಾಳೆ. ಅದರ ಬಾಯಿಗೆ ತುಪ್ಪ ಹಾಕಿದ್ದು ನಾನು."

"ಅಪಾ!" ಎಂದ ಶಾರ್ಶೆನ್. ಜಿಪಾರ್ ಬಾಯಿಗೆ ಕೈ ಅಡ್ಡ ಹಿಡಿದಳು. ಒಬ್ಬಿಬ್ಬರು ಕಿಸಕ್ಕೆಂದರು.

"ನಗ್ರಿ, ನಗ್ರಿ. ಇಲ್ಲಿರೋ ಅರ್ಧಕ್ಕರ್ಧ ಜನರ ಬಾಯಿಗೆ ಮೊದಲನೇ ತುಪ್ಪ ಇಟ್ಟಿದ್ದು ಈ ಬೆರಳು. ಬುದ್ಧಿ ಕೆಟ್ಟಿದೆ ಅಂತೀರಾ? ಒಬ್ಬೊಬ್ರದ್ದೂ ಹೇಳ್ಲಾ? ಜಿಪಾರ್, ನಿನ್ನ ಹಿರೀಮಗ ಹುಟ್ಟಿದ್ದು ಕುರಿ ಉಣ್ಣೆ ಕತ್ತರಿಸೋ ದಿನ. ತುಪ್ಪ ಚಪ್ಪರಿಸಿ ಇನ್ನೂ ಬೇಕು ಅಂತ ಅತ್ತ. ಮಂಬೆತ್, ನೀನು ಹುಟ್ಟಿದ್ದು ಮೊದಲನೇ ಹಿಮ ಬಿದ್ದ ದಿನ. ತುಪ್ಪ ಇಟ್ರೆ ಉಗುಳ್ದೆ. ಎರಡನೇ ಸಲ ಇಟ್ಟೆ, ಮತ್ತೆ ಉಗುಳ್ದೆ. ಅದಕ್ಕೇ ನಿನ್ನ ಬಾಯಲ್ಲಿ ಇವತ್ತಿಗೂ ಒಂದು ನಯವಾದ ಮಾತು ಬರಲ್ಲ."

ನಗುವಿಗೆ ಕೇರಿಯ ನಾಯಿಗಳೆಲ್ಲ ಬೊಗಳಿದವು. ಮಂಬೆತ್ ತನ್ನ ಉಣ್ಣೆಟೋಪಿ ತೆಗೆದು ಮುಖ ಒರೆಸಿಕೊಂಡ.

"ಅಲ್ಲ ಅಪಾ, ಕೂಸಿಗೆ ಸರಿ, ಲಾರಿಗೆ ಯಾಕೆ?" ಎಂದ ಶಾರ್ಶೆನ್. ಅವನಿಗೂ ಈಗ ನಗು ತಡೆಯಲಾಗುತ್ತಿರಲಿಲ್ಲ.

"ನಿನ್ನ ಲಾರಿಗಲ್ವೋ!" ಎಂದು ಗದರಿ, ಅಪಾ ಬುರುಲಳ ಕಡೆಗೆ ತಿರುಗಿದಳು. ದನಿ ತಗ್ಗಿತು. "ಊರಿನ ಹೆಂಗಸರೆಲ್ಲ ಕೂಸು ಎತ್ಕೊಂಡು ನನ್ನ ಹತ್ರ ಬಂದ್ರು. ನೀನೊಬ್ಬಳು ಬರ್ಲಿಲ್ಲ. ನಾನೂ ಬಾಯಿಬಿಟ್ಟು ಕೇಳ್ಲಿಲ್ಲ. ಈ ಸಲ ಚಳಿಗಾಲ ಪೂರ್ತಿ ಇದನ್ನ ಒಲೆ ಪಕ್ಕ ಇಟ್ಕೊಂಡು ಕೂತಿದ್ಯಲ್ಲ, ನಾನು ನೋಡಿದೀನಿ. ಹೊರಗೆ ತಂದ ದಿನ ನಿನ್ನ ಕೂಸಿನ ಬಾಯಿಗೆ ತುಪ್ಪ ಇಡ್ದೆ ಹೇಗೆ ಕಳಿಸ್ಲಿ ಹೇಳು?"

ಬುರುಲ್ ಕೈಯಲ್ಲಿದ್ದ ಎಣ್ಣೆಬಟ್ಟೆಯಿಂದ ಕೈ ಒರೆಸಿದಳು, ಮತ್ತೆ ಒರೆಸಿದಳು. ಆಮೇಲೆ ಅದೇ ಬಟ್ಟೆಯಿಂದ ಕಣ್ಣು ಒರೆಸಿಕೊಂಡು ಮುಖವೆಲ್ಲ ಮಸಿ ಮಾಡಿಕೊಂಡಳು. ಅವಳಿಗೆ ಸಂತೋಷವಾಗಿತ್ತು. ಇಷ್ಟು ಸಂತೋಷ ಹೇಗೆ ಇಟ್ಟುಕೊಳ್ಳಬೇಕೆಂದು ಗೊತ್ತಾಗದೆ ನಿಂತಳು.

ಒಳ್ಳೇ ಕೈ ಎಂದಿದ್ದ ಚೆತ್ ಕೇರಿಯ ಅಜ್ಜಿಯೇ ಮೊದಲು ಮುಂದೆ ಬಂದಳು. "ಹಾಗಿದ್ರೆ ಇದು ಕೂಸು. ಕೂಸಿನ ಮುಖ ನೋಡಿ ಬರಿಗೈಲಿ ಹೋಗೋಕಾಗುತ್ತಾ?" ಎಂದು ತನ್ನ ಹೆಗಲ ವಸ್ತ್ರವನ್ನು ಲಾರಿಯ ಕನ್ನಡಿಗೆ ಕಟ್ಟಿದಳು. ಆಮೇಲೆ ಯಾರೂ ಹಿಂದೆ ಉಳಿಯಲಿಲ್ಲ. ಒಬ್ಬಳು ಒಣಮೊಸರಿನ ಉಂಡೆ ತಂದಳು, ಒಬ್ಬಳು ಸಕ್ಕರೆ ಗಟ್ಟಿ, ಒಬ್ಬ ಕುದುರೆಯ ಲಾಳ. ಜಿಪಾರ್ ಎಣ್ಣೆ ಕಲೆಯಾಗಿದ್ದ ತವರಿನ ಹಲಗೆಯನ್ನೇ ಎತ್ತಿ ಬುರುಲಳ ಕೈಗಿಟ್ಟು, "ಇಟ್ಕೊ ಅಕ್ಕ, ಇನ್ನು ಇದರಲ್ಲಿ ಹಿಟ್ಟು ನಾದೋಕಾಗಲ್ಲ" ಎಂದಳು.

ಎಲ್ಲರ ಕಣ್ಣು ಮಂಬೆತನ ಮೇಲೆ ಬಿತ್ತು. ಅವನು ಕೆಮ್ಮಿ, ಅತ್ತ ಇತ್ತ ನೋಡಿ, ಜೇಬಿನಿಂದ ಹಿಡಿ ಸವೆದು ಹೊಳೆಯುತ್ತಿದ್ದ ಒಂದು ಪಾನಾ ತೆಗೆದ.

"ಹೆಡ್ ಬೋಲ್ಟಿಂದು," ಎಂದ ಗೊಗ್ಗರು ದನಿಯಲ್ಲಿ. "ಹೊಸದಾಗಿ ಕಟ್ಟಿದ ಇಂಜಿನ್, ಮೇಲೆ ಹೋದ್ಮೇಲೆ ತಣ್ಣಗಾಗೋಕೆ ಬಿಟ್ಟು ಇನ್ನೊಂದು ಸುತ್ತು ಬಿಗಿ. ಮತ್ತೆ... ನನ್ನ ಲಾರೀನೂ ಯಾಕೋ ಹೊಗೆ ಜಾಸ್ತಿ ಬಿಡ್ತಿದೆ. ಇಳಿದು ಬಂದಾಗ ನೋಡು."

ಶಾರ್ಶೆನ್ ಗಳುವನ್ನು ಮತ್ತೆ ಲಾರಿಗೆ ಹಾಕಿ ಕಟ್ಟಿದ. ಯಾರೂ ಹೇಳದಿದ್ದರೂ ತಾಯಿಯ ತೋಳು ಹಿಡಿದು ಮುಂದಿನ ಸೀಟಿಗೆ ಹತ್ತಿಸಿದ. ಬುರುಲ್ ತಾನೇ ಸ್ಟಾರ್ಟ್ ಮಾಡಿದಳು. ಮೊದಲ ತಿರುವಿಗೇ ಇಂಜಿನ್ ಹಿಡಿಯಿತು. ಹೊಗೆಯಲ್ಲಿ ಒಂದಿಷ್ಟು ಬೋರ್ಸೋಕ್ ವಾಸನೆ ಇನ್ನೂ ಉಳಿದಿತ್ತು, ಕೆಳಗೆ ನಿಂತಿದ್ದ ಮುದುಕ ಈ ಸಲ ಬೇಕೆಂದೇ ಅಂಗೈ ಬಿಡಿಸಿ ಹರಸಿದ.

ಲಾರಿ ಏರು ಹತ್ತಿತು. ಒಂದೊಂದು ತಿರುವಿಗೂ ಕಣಿವೆ ಕೆಳಗೆ ಸರಿಯುತ್ತಿತ್ತು. ಬುರುಲ್ ಇಂಜಿನ್ನಿಗೆ ಕಿವಿಕೊಟ್ಟು ಕಣ್ಣು ಮುಚ್ಚಿ ಕೂತಿದ್ದಳು. ಅಪಾ ಮೊಣಕೈಯಿಂದ ಅವಳ ಪಕ್ಕೆಗೆ ತಿವಿದಳು.

"ಎರಡನೇದು ಯಾವಾಗ?"

ಚೊಚ್ಚಲು ಹೆತ್ತ ಹೆಂಗಸರನ್ನೆಲ್ಲ ನಮ್ಮೂರ ಮುದುಕಿಯರು ಕಾಡಿಸುವ ಪ್ರಶ್ನೆ ಅದು. ಬುರುಲಳನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಮಂಬೆತಣ್ಣನ ಲಾರಿ ಹೊಗೆ ಬಿಡ್ತಿದ್ಯಂತಲ್ಲ ಅಪಾ," ಎಂದಳು. "ಇನ್ನೇನು, ಚಳಿಗಾಲದೊಳಗೆ ಆಗುತ್ತೆ."